ಪದಚರ್ಚೆ: ಮಷೀನಿನೊಳಗೆ ಕಟ್ಟುವ ಬಿಳಿ ಪೊರೆಗೆ ನಿಮ್ಮ ಕಡೆ ಏನಂತಾರೆ?

ಬೋರ್‌ವೆಲ್ ನೀರಿನ ಮನೆಗಳಲ್ಲಿ ವಾಷಿಂಗ್ ಮಷೀನಿನ ಹೀಟರ್ ಮೇಲೆ, ಡ್ರಮ್ಮಿನ ಹಿಂಬದಿಯಲ್ಲಿ ಗಟ್ಟಿ ಬಿಳಿ ಪೊರೆ ಕಟ್ಟುತ್ತದೆ. ಗೀಸರ್ ಕಾಯಿಲ್, ನಲ್ಲಿಯ ಬಾಯಿ, ಬಕೆಟ್ಟಿನ ಅಂಚಿನಲ್ಲಿ ಕಾಣುವುದೂ ಅದೇ. ಅದಕ್ಕೊಂದು ಹೆಸರು ಬೇಕಾಗಿದೆ. ನಮ್ಮ ಅಪಾರ್ಟ್‌ಮೆಂಟಿನವರಿಗಾಗಿ ಮಷೀನ್ ತೊಳೆಯುವ ಬಗ್ಗೆ ಒಂದು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಉಳಿದ ಪದಗಳೆಲ್ಲ ಸಲೀಸಾಗಿ ಬಂದವು, ಇದೊಂದು ಕೂರುತ್ತಿಲ್ಲ.

ಸುಮ್ನೆ 'ಕೊಳೆ' ಅಂತ ಬರೆದರೆ ಆಗುವುದಿಲ್ಲವೇ? ಆಗುವುದಿಲ್ಲ. ಒಳಗೆ ಸೇರುವ ಕೊಳೆ ಹಲವು ಬಗೆಯದು, ಒಂದೊಂದಕ್ಕೂ ಮದ್ದು ಬೇರೆ.

ಸೋಪಿನ ಟ್ರೇ ಪೂರ್ತಿ ಹೊರಗೆಳೆದು, ಆ ಗೂಡಿನ ಮೇಲ್ಭಾಗವನ್ನು ಒಳಗಿನಿಂದ ಬೆರಳಲ್ಲಿ ಸವರಿ ನೋಡಿ. ಬೂದುಬಣ್ಣದ, ಜಾರುವ ಒಂದು ಪದಾರ್ಥ ಅಂಟಿಕೊಳ್ಳುತ್ತದೆ. ಜಾಸ್ತಿಯಾದ ಡಿಟರ್ಜೆಂಟ್, ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರವ, ಮೈಯ ಎಣ್ಣೆ ಸೇರಿ ಆದದ್ದು. ಯಾವಾಗಲೂ ತಣ್ಣೀರಲ್ಲೇ ಒಗೆಯುವ ಮನೆಗಳಲ್ಲಿ ಇದು ಬೇಗ ಬೆಳೆಯುತ್ತದೆ, ಒಗೆದ ಬಟ್ಟೆಯೂ ಮುಗ್ಗಲು ವಾಸನೆ ಹೊಡೆಯುತ್ತದೆ. ಇದಕ್ಕೆ 'ಲೋಳೆ' ಎಂದು ಬರೆದಿದ್ದೇನೆ. ಬಟ್ಟೆ ಹಾಕದೆ, 60 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ ಮಷೀನ್ ಓಡಿಸಿದರೆ ಸಡಿಲವಾಗುತ್ತದೆ.

ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕೂರುವ ಕಪ್ಪು ಚುಕ್ಕೆಗಳು ಬೂಷ್ಟು. ಆ ರಬ್ಬರಿಗೆ ಗ್ಯಾಸ್ಕೆಟ್ ಅಂತಲೇ ಬರೆದೆ, ಕುಕ್ಕರ್ ದೆಸೆಯಿಂದ ಅದು ಎಲ್ಲರ ಬಾಯಲ್ಲೂ ಇದೆ ಅಲ್ವಾ. ಕೆಳಗಿನ ಫಿಲ್ಟರಿನಲ್ಲಿ ಸಿಗುವ ನೂಲು, ಕೂದಲಿನ ಮುದ್ದೆಗೆ 'ಜುಂಗು'. ತೆಂಗಿನಕಾಯಿ ಸುಲಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಬಿಳಿ ಪೊರೆ. ಬೆಂಗಳೂರಿನ ಪ್ಲಂಬರುಗಳು, ರಿಪೇರಿಯವರು 'ಉಪ್ಪು ಕಟ್ಟಿದೆ' ಅನ್ನುತ್ತಾರೆ. ಬೋರ್ ನೀರನ್ನು 'ಉಪ್ಪು ನೀರು' ಅನ್ನುವುದರಿಂದ ಈ ಮಾತು ಬಂದಿರಬೇಕು. ಆದರೆ ಅಡುಗೆ ಉಪ್ಪಾಗಿದ್ದರೆ ನೀರಿಗೇ ಕರಗಬೇಕಿತ್ತು, ಇದು ಕರಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಇದನ್ನು ಕರಗಿಸಲು ಬಳಸುವ ಸಿಟ್ರಿಕ್ ಆಮ್ಲಕ್ಕೆ ಅಂಗಡಿಯಲ್ಲಿ 'ನಿಂಬೆ ಉಪ್ಪು' ಎಂದೇ ಹೆಸರು. 'ಉಪ್ಪು ತೆಗೆಯಲು ನಿಂಬೆ ಉಪ್ಪು ಹಾಕಿ' ಎಂದರೆ ಓದುವವರು ಏನು ತಿಳಿಯಬೇಕು?

'ಕಿಲುಬು' ಚೆಂದದ ಪದ, ಅದಕ್ಕೂ ಹುಳಿಯೇ ಮದ್ದು. ಆದರೆ ಅದು ತಾಮ್ರ, ಹಿತ್ತಾಳೆಗೆ ಸೇರಿದ್ದು. ಸ್ಟೀಲ್ ಡ್ರಮ್ಮಿಗೆ ಹೊಂದುವುದಿಲ್ಲ.

ನನ್ನ ಮನಸ್ಸು 'ಸುಣ್ಣ'ದ ಕಡೆ ವಾಲುತ್ತಿದೆ. ಗಡಸು ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಹೀಟರ್ ಮೇಲೇ ಜಾಸ್ತಿ ಕಟ್ಟುವುದು ಅದಕ್ಕೇ. ಗೋಡೆಗೆ ಬಳಿದ ಸುಣ್ಣವೂ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕೊನೆಗೆ ಆಗುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹಾಗಾಗಿ ರಸಾಯನದ ಲೆಕ್ಕದಲ್ಲೂ ಪದ ಸರಿಯಾಗಿದೆ. 'ಸುಣ್ಣಗಟ್ಟು' ಎಂಬ ಕ್ರಿಯಾಪದವೂ ಸಲೀಸಾಗಿ ಸಿಗುತ್ತದೆ. ತಕರಾರು ಒಂದೇ: ಸುಣ್ಣ ಎಂದೊಡನೆ ಎಲೆಯಡಿಕೆಯ ಸುಣ್ಣ ನೆನಪಾಗುತ್ತದೆ, ಗಟ್ಟಿ ಪದರ ಕಣ್ಣಿಗೆ ಬರುವುದಿಲ್ಲ. ಅದಕ್ಕೆ 'ಹಕ್ಕಳೆ' ಸೇರಿಸಿ 'ಸುಣ್ಣದ ಹಕ್ಕಳೆ' ಎಂದರೆ ಹೇಗೆ? ಗಾಯ ಒಣಗಿದಾಗ, ಗೋಡೆಯ ಗಾರೆ ಬಿಟ್ಟುಕೊಂಡಾಗ ಏಳುವ ಹಕ್ಕಳೆಯಂತೆ ಇದೂ ಚೂರುಚೂರಾಗಿ ಕಿತ್ತು ಬರುತ್ತದೆ.

ಹೆಸರಿನ ಬಗ್ಗೆ ಇಷ್ಟು ಹಟ ಹಿಡಿಯಲು ಕಾರಣವಿದೆ. ಬ್ಲೀಚ್ ಬೂಷ್ಟನ್ನು ಕೊಲ್ಲುತ್ತದೆ, ಸುಣ್ಣವನ್ನು ಕರಗಿಸುವುದಿಲ್ಲ. ಹುಳಿ ಸುಣ್ಣವನ್ನು ಕರಗಿಸುತ್ತದೆ. ಎಲ್ಲವನ್ನೂ 'ಕೊಳೆ' ಅಂದುಬಿಟ್ಟರೆ ಜನ ಎರಡನ್ನೂ ಒಟ್ಟಿಗೇ ಸುರಿಯಬಹುದು. ಕ್ಲೋರಿನ್ ಇರುವ ಬ್ಲೀಚಿಗೆ ವಿನೆಗರ್ ಆಗಲಿ ನಿಂಬೆ ಉಪ್ಪಾಗಲಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅಪಾಯ ಇನ್ನೂ ಹೆಚ್ಚು. ಕೈಪಿಡಿಯಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ. ಆ ಸಾಲಿನಲ್ಲಿ ಪದ ಗೊಂದಲವಾಗಲೇಬಾರದು.

ಹಾಗಾಗಿ ಎರಡು ಪ್ರಶ್ನೆ. ಕೋಲಾರ, ಚಿತ್ರದುರ್ಗ, ವಿಜಯಪುರದ ಕಡೆಯವರು, ಅಂದರೆ ಬೇಳೆ ಬೇಯದ ನೀರನ್ನು ಕಂಡವರು, ಹಂಡೆಯೊಳಗೆ ಕಟ್ಟುವ ಈ ಬಿಳಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ? ಮತ್ತೆ, 'ಹಕ್ಕಳೆ' ನಿಮ್ಮ ಕಡೆ ಗಾಯಕ್ಕೆ ಮಾತ್ರವೋ, ಪಾತ್ರೆಗೂ ನಡೆಯುತ್ತದೋ? ಹಿರಿಯರನ್ನು ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿದರೆ ಬಹಳ ಉಪಕಾರ.