ಕೈತುಂಬಾ ಡಿಸೈನ್ ಕೆಲಸ ಇದೆ, ಆದರೂ ಕೈಯಲ್ಲಿ ಏನೂ ಉಳಿಯುತ್ತಿಲ್ಲ

ಪ್ರಶ್ನೆ: ಮೇಡಂ, ಗ್ರಾಫಿಕ್ ಡಿಸೈನ್ ಕಲಿತು ಎರಡೂವರೆ ವರ್ಷದಿಂದ ಸ್ವಂತವಾಗಿ ಕೆಲಸ ಮಾಡುತ್ತಿದ್ದೇನೆ. ಲೋಗೋ, ಬ್ರೋಷರ್, ಸೋಷಿಯಲ್ ಮೀಡಿಯಾ ಪೋಸ್ಟ್, ಏನು ಬಂದರೂ ಬೇಡ ಎನ್ನುವುದಿಲ್ಲ. ರಾತ್ರಿ ಒಂದು ಗಂಟೆಗೆ ಫೈಲ್ ಕಳಿಸಿ ಮಲಗುತ್ತೇನೆ, ಬೆಳಿಗ್ಗೆ ಏಳುವಷ್ಟರಲ್ಲಿ ಹತ್ತು ಕರೆಕ್ಷನ್ ಬಂದಿರುತ್ತದೆ. ಇಷ್ಟು ದುಡಿದರೂ ತಿಂಗಳ ಕೊನೆಗೆ ಕೈ ಖಾಲಿ. ಮೊದಲೆಲ್ಲ ಖುಷಿಗೆ ಚಿತ್ರ ಬರೆಯುತ್ತಿದ್ದೆ, ಈಗ ಅದೂ ನಿಂತುಹೋಗಿದೆ. ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ ಇರಬೇಕು ಅಂತ ಆಸೆ. ನೀವು ಹೇಗೆ ಉಳಿದುಕೊಂಡಿರಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ನನ್ನ ಮೂರನೇ ವರ್ಷ ನೆನಪಾಯಿತು. ಆಗ ನನಗೂ ಕೆಲಸಕ್ಕೆ ಬರ ಇರಲಿಲ್ಲ. ಲೆಕ್ಕ ತಪ್ಪಿತ್ತು, ಅಷ್ಟೇ.

ನಾನು ಮಾಡುತ್ತಿದ್ದ ಲೆಕ್ಕ ಹೀಗಿತ್ತು: ವರ್ಷಕ್ಕೆ 52 ವಾರ, ವಾರಕ್ಕೆ 40 ಗಂಟೆ, ಒಟ್ಟು 2,080 ಗಂಟೆ. ವರ್ಷದ ಖರ್ಚನ್ನು ಇದರಿಂದ ಭಾಗಿಸಿ ಗಂಟೆಯ ದರ ಹೇಳುತ್ತಿದ್ದೆ. ಆಮೇಲೆ ಮೂರು ತಿಂಗಳು ಯಾವ ಗಂಟೆ ಯಾವುದಕ್ಕೆ ಹೋಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಫೋನು, ಇಮೇಲು, ಕೊಟೇಶನ್, ಬಾಕಿ ಹಣ ಕೇಳುವುದು, ಫೈಲ್ ಜೋಡಿಸುವುದು, ಹೊಸದು ಕಲಿಯುವುದು, ಇದೆಲ್ಲ ತೆಗೆದರೆ ವಾರಕ್ಕೆ ಬಿಲ್ ಹಾಕಬಹುದಾದ ಗಂಟೆ ಉಳಿದದ್ದು 22. ರಜೆ, ಜ್ವರ, ಮನೆಯ ಕಾರ್ಯ ಅಂತ ವರ್ಷದಲ್ಲಿ ಆರು ವಾರ ಬಿಡಿ. 46 ವಾರಕ್ಕೆ 22ರಂತೆ 1,012 ಗಂಟೆ. ಅಂದರೆ ನನಗೆ ಬೇಕಾದದ್ದರ ಅರ್ಧ ದರಕ್ಕೆ ನಾನು ಕೆಲಸ ಮಾಡುತ್ತಿದ್ದೆ. ಅರ್ಧ ದರ ಅಂದಮೇಲೆ ಎರಡರಷ್ಟು ಕೆಲಸ ಮಾಡಲೇಬೇಕು. ನಿಮ್ಮ ರಾತ್ರಿ ಒಂದು ಗಂಟೆ ಅಲ್ಲಿಂದ ಬಂದಿರಬಹುದು.

ನಿಮ್ಮ ಗಂಟೆಗಳನ್ನು ನೀವೇ ಬರೆದು ನೋಡಿ. ನನ್ನ ಸಂಖ್ಯೆ ನಿಮಗೆ ಹೊಂದಬೇಕು ಅಂತೇನಿಲ್ಲ. ಖರ್ಚು ಹಾಕುವಾಗ ತೆರಿಗೆ, ಸಾಫ್ಟ್‌ವೇರ್, ಫಾಂಟ್ ಲೈಸೆನ್ಸ್ ಮತ್ತು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕಾದ ಕಂಪ್ಯೂಟರ್ ಎಲ್ಲವನ್ನೂ ಸೇರಿಸಿ. ಕಂಪ್ಯೂಟರ್ ಅಂತೂ ಕೈಕೊಡುವುದು ದೊಡ್ಡ ಕೆಲಸದ ನಡುವೆಯೇ.

ಇನ್ನೊಬ್ಬರು: ಗಂಟೆ ಲೆಕ್ಕದಲ್ಲಿ ಹಣ ತೆಗೆದುಕೊಂಡರೆ ಕೈ ಚುರುಕಾದಷ್ಟೂ ಆದಾಯ ಕಡಿಮೆ ಆಗುತ್ತದೆ, ಅಲ್ವಾ?

ಉತ್ತರ: ನಿಜ. ಗಂಟೆಯ ದರ ನಿಮಗೆ ಗೊತ್ತಿರಲಿ, ಕ್ಲೈಂಟ್‌ಗೆ ಹೇಳಬೇಕಾಗಿಲ್ಲ. ಅದು ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಗೆರೆ. ಅವರಿಗೆ ಹೇಳುವುದು ಇಡೀ ಕೆಲಸದ ಬೆಲೆ. ಆ ಬೆಲೆಯಲ್ಲಿ ನಿಮ್ಮ ಡಿಸೈನ್ ಎಲ್ಲೆಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ ಅನ್ನುವುದೂ ಸೇರಬೇಕು.

ನೈಕಿ ಕಂಪನಿಯ ಆ ಬಾಗಿದ ಗುರುತು ಎಲ್ಲರಿಗೂ ಗೊತ್ತು. 1971ರಲ್ಲಿ ಅದನ್ನು ಬರೆದವರು ಕ್ಯಾರೊಲಿನ್ ಡೇವಿಡ್ಸನ್. ಆಗಿನ್ನೂ ವಿದ್ಯಾರ್ಥಿನಿ. ಗಂಟೆ ಲೆಕ್ಕದಲ್ಲಿ ಬಿಲ್ ಕೊಟ್ಟರು, ಬಂದದ್ದು 35 ಡಾಲರ್. 1983ರಲ್ಲಿ ಕಂಪನಿ ಅವರನ್ನು ಕರೆದು ಒಂದು ಉಂಗುರವನ್ನೂ ಷೇರುಗಳನ್ನೂ ಕೊಟ್ಟಿತು. ಅದು ಕಂಪನಿಯ ದೊಡ್ಡತನ. ಬಿಲ್ ಪ್ರಕಾರ ಅವರಿಗೆ ಇನ್ನೇನೂ ಬರಬೇಕಾಗಿರಲಿಲ್ಲ. ಕ್ಲೈಂಟ್ ಹನ್ನೆರಡು ವರ್ಷದ ಮೇಲೆ ನೆನಪು ಮಾಡಿಕೊಳ್ಳಲಿ ಅಂತ ನಾವು ಕಾಯುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಎಲ್ಲಿ ಬಳಸುತ್ತೀರಿ, ಎಷ್ಟು ಕಾಲ, ಹಕ್ಕು ಪೂರ್ತಿ ನಿಮಗೇ ಬೇಕಾ, ಈ ಮೂರನ್ನು ಮೊದಲ ದಿನವೇ ಕೇಳಿ. ಉತ್ತರ ನೋಡಿಕೊಂಡು ಬೆಲೆ ಹೇಳಿ.

ಪ್ರಶ್ನೆ ಕೇಳಿದವರು: ದರ ಜಾಸ್ತಿ ಮಾಡಿದರೆ ಇರುವ ಕ್ಲೈಂಟ್‌ಗಳೂ ಹೋಗಿಬಿಟ್ಟರೆ?

ಉತ್ತರ: ಕೆಲವರು ಹೋಗುತ್ತಾರೆ. ಹಳಬರಿಗೆ ಒಂದೇ ಸಲಕ್ಕೆ ಏರಿಸಬೇಡಿ. ಹೊಸಬರಿಗೆ ಹೊಸ ದರ ಹೇಳಿ, ಹಳಬರಿಗೆ ಎರಡು ಮೂರು ತಿಂಗಳು ಮೊದಲೇ ತಿಳಿಸಿ.

ಆದರೆ ಯಾರು ಉಳಿಯುತ್ತಾರೆ ಅನ್ನುವುದು ದರಕ್ಕಿಂತ ಹೆಚ್ಚಾಗಿ ಬೇರೆ ಒಂದು ವಿಷಯದ ಮೇಲೆ ನಿಂತಿದೆ. ನನಗೆ ಅದನ್ನು ಕಲಿಸಿದ್ದು ಒಂದು ತಪ್ಪು.

ಒಂದು ಸಂಸ್ಥೆಗೆ ಎಂಟು ಪುಟದ ಬ್ರೋಷರ್ ಮಾಡಿದ್ದೆ. ಒಳಪುಟದಲ್ಲೆಲ್ಲ 7 ಪಾಯಿಂಟ್ ಅಕ್ಷರ, ಅಂದರೆ ತುಂಬಾ ಸಣ್ಣದು. ಫೈಲನ್ನು ಪರದೆಯ ಬಣ್ಣದಲ್ಲಿ, ಅಂದರೆ ಆರ್‌ಜಿಬಿಯಲ್ಲಿ ಮಾಡಿ, ಕೊನೆಗೆ ಸಿಎಂವೈಕೆಗೆ, ಅಂದರೆ ಪ್ರಿಂಟಿನ ನಾಲ್ಕು ಶಾಯಿಯ ಬಣ್ಣಕ್ಕೆ ಬದಲಿಸಿ ಪ್ರೆಸ್‌ಗೆ ಕಳಿಸಿದ್ದೆ. ಹಾಗೆ ಬದಲಿಸಿದಾಗ ಕಪ್ಪು ಬರೀ ಕಪ್ಪಾಗಿ ಉಳಿಯಲಿಲ್ಲ, ನಾಲ್ಕೂ ಶಾಯಿ ಸೇರಿದ ಕಪ್ಪಾಯಿತು. ದೊಡ್ಡ ಪಟ್ಟೆಗೆ ಅದು ಚೆನ್ನಾಗಿಯೇ ಕಾಣುತ್ತದೆ. ಸಣ್ಣ ಅಕ್ಷರಕ್ಕೆ ಮಾತ್ರ ವಿಷ. ಪ್ರೆಸ್‌ನಲ್ಲಿ ಒಂದೊಂದು ಶಾಯಿಗೆ ಒಂದೊಂದು ಪ್ಲೇಟ್, ಅದರಲ್ಲಿ ಒಂದು ಕೂದಲೆಳೆಯಷ್ಟು ಅಲುಗಿದರೂ ಸಾಕು, ಶಾಯಿಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಪ್ರಿಂಟ್ ಆದ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಅಕ್ಷರದ ಒಂದು ಅಂಚಿಗೆ ಗುಲಾಬಿ ಗೆರೆ, ಇನ್ನೊಂದು ಅಂಚಿಗೆ ತಿಳಿನೀಲಿ ಗೆರೆ. ಬರಿಗಣ್ಣಿಗೆ ಅಕ್ಷರವೆಲ್ಲ ಮಂಜು ಮಂಜು. ಅಕ್ಷರಕ್ಕೆ ಕಪ್ಪು ಶಾಯಿ ಒಂದನ್ನೇ ಶೇಕಡಾ 100 ಇಟ್ಟು, ಉಳಿದ ಮೂರನ್ನು ಸೊನ್ನೆ ಮಾಡಬೇಕಿತ್ತು.

ಕ್ಲೈಂಟ್ ಇನ್ನೂ ಅದನ್ನು ನೋಡಿರಲಿಲ್ಲ. ನಾನೇ ಫೋನ್ ಮಾಡಿ ಹೇಳಿದೆ: ತಪ್ಪು ನನ್ನದು, ಪ್ರೆಸ್‌ನವರದ್ದಲ್ಲ, ಮತ್ತೆ ಪ್ರಿಂಟ್ ಮಾಡಿಸುವ ಖರ್ಚು ನನ್ನದು, ಇಂಥ ದಿನ ನಿಮ್ಮ ಕೈ ಸೇರುತ್ತದೆ. ಆ ಕೆಲಸದಲ್ಲಿ ಬಂದದ್ದೆಲ್ಲ ಅದಕ್ಕೇ ಹೋಯಿತು. ಆ ಸಂಸ್ಥೆ ಆಮೇಲೆ ಒಂಬತ್ತು ವರ್ಷ ನನ್ನ ಹತ್ತಿರವೇ ಕೆಲಸ ಮಾಡಿಸಿತು. ಇನ್ನೂ ನಾಲ್ಕು ಜನರನ್ನು ಕಳಿಸಿತು.

ನಾನು ಉಳಿದದ್ದು ಹೀಗೆ ಮರಳಿ ಬಂದವರಿಂದ. ಹೊಸ ಕ್ಲೈಂಟ್ ಅಂದರೆ ಪರಿಚಯ, ಕೊಟೇಶನ್, ಅವರ ಅಭಿರುಚಿ ತಿಳಿಯುವುದು, ಎಲ್ಲ ಮೊದಲಿನಿಂದ. ಹಳಬರ ಜೊತೆ ಆ ಗಂಟೆಗಳು ಉಳಿಯುತ್ತವೆ. ಅವರಲ್ಲಿ ಒಬ್ಬಿಬ್ಬರ ಜೊತೆ ತಿಂಗಳಿಗೆ ಇಷ್ಟು ಕೆಲಸ, ಇಷ್ಟು ಹಣ ಅಂತ ಒಪ್ಪಂದ ಮಾಡಿಕೊಂಡರೆ ಮನೆ ಬಾಡಿಗೆಯ ಚಿಂತೆ ಬಿಡುತ್ತದೆ. ಒಂದೇ ಎಚ್ಚರ: ಒಬ್ಬರೇ ಕ್ಲೈಂಟ್‌ನಿಂದ ನಿಮ್ಮ ಆದಾಯದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಂತೆ ನೋಡಿಕೊಳ್ಳಿ. ಅವರು ಬಾಗಿಲು ಹಾಕಿದರೆ ನಿಮ್ಮ ಮನೆಯೂ ಅಲ್ಲಾಡಬಾರದು.

ಮತ್ತೊಬ್ಬರು: ‘ಈ ಸಲ ಫ್ರೀಯಾಗಿ ಮಾಡಿಕೊಡಿ, ಹೆಸರು ಬರುತ್ತದೆ’ ಅನ್ನುವವರಿಗೆ ಏನು ಹೇಳುವುದು?

ಉತ್ತರ: ಬೇಡ ಅನ್ನಿ, ವಿನಯದಿಂದ. ‘ಐ ಲವ್ ನ್ಯೂಯಾರ್ಕ್’ ಗುರುತನ್ನು ಅಮೆರಿಕದ ಡಿಸೈನರ್ ಮಿಲ್ಟನ್ ಗ್ಲೇಸರ್ ಹಣ ತೆಗೆದುಕೊಳ್ಳದೆ ಮಾಡಿಕೊಟ್ಟರು ಅಂತ ಕೆಲವರು ಉದಾಹರಣೆ ಕೊಡುತ್ತಾರೆ. ಅದು 1977. ಅವರು ಸ್ನೇಹಿತರ ಜೊತೆ ಸೇರಿ ಪುಶ್ ಪಿನ್ ಸ್ಟುಡಿಯೋ ಕಟ್ಟಿದ್ದು 1954ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ನೆಲೆ ಕಂಡವರು ತಮ್ಮ ಊರಿನ ಮೇಲಿನ ಪ್ರೀತಿಗೆ ಕೊಟ್ಟರು. ನಿಮಗೂ ಮನಸ್ಸಿಗೆ ಹತ್ತಿರವಾದ ಕೆಲಸ ಇದ್ದರೆ ಖಂಡಿತ ಕೊಡಿ. ಆಗಲೂ ಬಿಲ್ ಬರೆಯಿರಿ. ಪೂರ್ತಿ ಮೊತ್ತ ಹಾಕಿ, ಕೆಳಗೆ ಅಷ್ಟನ್ನೂ ಕಳೆಯಿರಿ. ಏನು ಸಿಕ್ಕಿತು ಅಂತ ಅವರಿಗೂ ಗೊತ್ತಿರಲಿ.

ಮತ್ತೊಬ್ಬರು: ಎಐ ಬಂದಮೇಲೆ ಇಪ್ಪತ್ತು ವರ್ಷದ ಮಾತು ಆಡುವುದು ಸರಿಯಾ ಮೇಡಂ? ನಿಮಿಷಕ್ಕೆ ನೂರು ಲೋಗೋ ಬರುತ್ತಿವೆ.

ಉತ್ತರ: ಭಯ ಅರ್ಥವಾಗುತ್ತದೆ. ‘ಬೇಗ ಒಂದು ಚಿತ್ರ ಬೇಕು, ಏನಾದರೂ ಪರವಾಗಿಲ್ಲ’ ಅನ್ನುವ ಕೆಲಸ ಕೈಬಿಟ್ಟು ಹೋಗುತ್ತಿದೆ. ನನ್ನ ಕೈಯಿಂದಲೂ ಹೋಗಿದೆ. ನನಗೆ ಈಗ ಬರುವವರು ಕೈಯಲ್ಲಿ ನಲವತ್ತು ಲೋಗೋ ಹಿಡಿದು, ಯಾವುದು ತಮ್ಮದು ಅಂತ ತಿಳಿಯದೆ ಬರುತ್ತಾರೆ. ಅವರ ಜೊತೆ ಕೂತು, ಅವರ ಗ್ರಾಹಕರು ಯಾರು, ಈ ಗುರುತು ಔಷಧಿ ಬಾಟಲಿಯ ಮುಚ್ಚಳದಷ್ಟು ಸಣ್ಣದಾದಾಗ ಏನಾಗುತ್ತದೆ, ಒಂದೇ ಬಣ್ಣದಲ್ಲಿ ನಿಲ್ಲುತ್ತದಾ ಅಂತ ಒಂದೊಂದೇ ಕೇಳುತ್ತಾ ಹೋಗುವುದೇ ಕೆಲಸ. ಇನ್ನೊಂದು ವಿಷಯ. ಮನುಷ್ಯರ ಕೈ ತಾಗದೆ ಯಂತ್ರವೇ ಮಾಡಿದ ಚಿತ್ರಕ್ಕೆ ಅಮೆರಿಕದ ಕಾಪಿರೈಟ್ ಕಚೇರಿ ನೋಂದಣಿ ಕೊಡುವುದಿಲ್ಲ. ಬೇರೆ ದೇಶಗಳಲ್ಲಿ ನಿಯಮ ಬೇರೆ ಇರಬಹುದು. ಎಐ ಎಲ್ಲಿ ಬಳಸಿದ್ದೀರಿ ಅಂತ ಕ್ಲೈಂಟ್‌ಗೆ ಬರೆದು ತಿಳಿಸಿ. ಮುಚ್ಚಿಡಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಮೇಡಂ. ಕರೆಕ್ಷನ್ ವಿಷಯ ಮಾತ್ರ ಉಳಿಯಿತು. ಮತ್ತೆ ನನ್ನ ಚಿತ್ರದ ವಿಷಯ.

ಉತ್ತರ: ಕರೆಕ್ಷನ್‌ಗೆ ಒಂದು ಪುಟದ ಪತ್ರ ಸಾಕು. ಏನೇನು ಮಾಡಿಕೊಡುತ್ತೇನೆ, ಯಾವಾಗ, ಎಷ್ಟಕ್ಕೆ. ಅರ್ಧ ಹಣ ಮೊದಲು. ಕರೆಕ್ಷನ್ ಎರಡು ಸುತ್ತು, ಎಲ್ಲವನ್ನೂ ಒಟ್ಟು ಮಾಡಿ ಒಬ್ಬರೇ ಕಳಿಸಬೇಕು, ಮೂರನೇ ಸುತ್ತಿನಿಂದ ಹಣ ಬೇರೆ. ಮಧ್ಯದಲ್ಲಿ ಕೆಲಸ ನಿಂತರೆ ಅಲ್ಲಿಯವರೆಗಿನ ಹಣ ಕೊಡಬೇಕು. ಹಣ ಪೂರ್ತಿ ಬಂದಮೇಲೆ ಮೂಲ ಫೈಲ್. ಅವರ ‘ಒಪ್ಪಿಗೆ’ ಅನ್ನುವ ಉತ್ತರ ಬರುವವರೆಗೆ ಸಾಫ್ಟ್‌ವೇರ್ ತೆರೆಯಬೇಡಿ. ಹತ್ತು ಕರೆಕ್ಷನ್ ಬರುವುದು ಬಹಳ ಸಲ ಆ ಕಡೆ ಐದು ಜನ ಐದು ಮಾತು ಹೇಳುವುದರಿಂದ. ಒಬ್ಬರೇ ಕಳಿಸಿ ಅಂದರೆ ಅರ್ಧ ಅಲ್ಲೇ ಉದುರುತ್ತದೆ.

ಚಿತ್ರದ್ದು ಹೇಳುತ್ತೇನೆ. ಸಮಯ ಸಿಕ್ಕಾಗ ಬರೆಯುತ್ತೇನೆ ಅಂದುಕೊಂಡರೆ ಸಿಗುವುದಿಲ್ಲ. ನಾನು ವಾರಕ್ಕೆ ಒಂದು ಬೆಳಗನ್ನು ಕ್ಲೈಂಟ್‌ಗೆ ಕೊಟ್ಟ ಹಾಗೆ ಡೈರಿಯಲ್ಲಿ ಬರೆದಿಡುತ್ತೇನೆ. ಫೋನ್ ಬೇರೆ ಕೋಣೆಯಲ್ಲಿ. ಪೆನ್ಸಿಲ್, ಕಾಗದ, ಸುಮ್ನೆ ಅಕ್ಷರ ಬರೆಯುವುದು. ಅದನ್ನು ಎಲ್ಲೂ ಹಾಕುವುದಿಲ್ಲ, ಮಾರುವುದಿಲ್ಲ. ಮಣಿಕಟ್ಟು ನೋವು ಬಂದ ವರ್ಷವೂ ಅದೊಂದನ್ನು ಎಡಗೈಯಲ್ಲಿ ಮಾಡಿದೆ. ನಿಮ್ಮ ಮಣಿಕಟ್ಟು, ಕಣ್ಣು ಎರಡನ್ನೂ ಈಗಲೇ ನೋಡಿಕೊಳ್ಳಿ, ನೋವು ಶುರುವಾದಮೇಲೆ ಅಲ್ಲ.

ಈ ವಾರ ಬರುವ ಮೊದಲ ಹೊಸ ಕೆಲಸಕ್ಕೆ ಆ ಪತ್ರ ಕಳಿಸಿ. ಕ್ಲೈಂಟ್ ಏನಂದರು ಅಂತ ಇಲ್ಲೇ ಬರೆಯಿರಿ, ಏನಾದರೂ ತಕರಾರು ಬಂದರೆ ಒಟ್ಟಿಗೆ ಕೂತು ಉತ್ತರ ಬರೆಯೋಣ.