ಡೌನ್‌ಫೋರ್ಸ್‌ಗೆ ‘ಒತ್ತಡ’ ಸರಿಯೋ, ‘ಅದುಮು’ ಸರಿಯೋ?

ಎಲ್ಲರಿಗೂ ನಮಸ್ಕಾರ.

ರೇಸ್ ಕಾರಿನ ಬಗ್ಗೆ ಮಾತಾಡುವಾಗ ‘ಡೌನ್‌ಫೋರ್ಸ್’ ಎಂಬುದನ್ನು, ಅಂದರೆ ಓಡುವ ಕಾರನ್ನು ಗಾಳಿ ನೆಲಕ್ಕೆ ಒತ್ತುವ ಬಲವನ್ನು, ಕನ್ನಡದಲ್ಲಿ ಏನೆಂದು ಹೇಳುವುದು? ಬಲ್ಲವರು ಹೇಳಬೇಕು. ಜೊತೆಗೆ ಇನ್ನೂ ಎರಡು ಮೂರು ಮಾತುಗಳ ಬಗ್ಗೆಯೂ ಕೇಳುವುದಿದೆ.

2026ರಲ್ಲಿ ಫಾರ್ಮುಲಾ ಒನ್ ನಿಯಮಗಳು ಬದಲಾಗಿ ಕಾರಿನ ಆಕಾರವೇ ಬೇರೆಯಾಗಿದೆ. ಅಗಲ 2000 ಮಿಲಿಮೀಟರಿನಿಂದ 1900ಕ್ಕೆ ಇಳಿದಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 3600ರಿಂದ 3400ಕ್ಕೆ ಇಳಿಸಿದ್ದಾರೆ. ಓಡುತ್ತಿರುವಾಗಲೇ ಮುಂದಿನ ರೆಕ್ಕೆಯೂ ಹಿಂದಿನ ರೆಕ್ಕೆಯೂ ಅಲುಗುತ್ತವೆ. ಬಸವನಗುಡಿಯ ಒಬ್ಬರ ಮನೆಯಲ್ಲಿ ನಾವು ಕೆಲವರು ರೇಸ್ ನೋಡಲು ಸೇರುತ್ತೇವೆ. ಪೀಣ್ಯದಲ್ಲಿ ಲೇತ್ ನಡೆಸುವವರಿದ್ದಾರೆ, ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೊಸ ಕಾರು ಮೊದಲಿಗಿಂತ ವಾಸಿಯೋ ಅಲ್ಲವೋ ಎಂಬ ವಾದ ರೇಸ್ ಮುಗಿದ ಮೇಲೂ ನಿಲ್ಲುವುದಿಲ್ಲ. ವಾದವೆಲ್ಲ ಕನ್ನಡದಲ್ಲೇ. ಆದರೆ ಗಾಳಿಯ ವಿಷಯ ಬಂದ ಕೂಡಲೇ ಮಾತು ತೊಡರುತ್ತದೆ.

ಮೊನ್ನೆ ಒಬ್ಬರು ಹೇಳಿದ್ದನ್ನು ಹಾಗೇ ಕೊಡುತ್ತೇನೆ: “ಕಾರಿನ ಅಡಿಯಲ್ಲಿ ಒತ್ತಡ ಕಡಿಮೆ ಆದಷ್ಟೂ ಒತ್ತಡ ಜಾಸ್ತಿ ಆಗುತ್ತೆ.” ಹಿರಿಯರು ಕೇಳಿದರು, “ಕಡಿಮೆ ಆದ್ರೆ ಜಾಸ್ತಿ ಹೆಂಗಪ್ಪಾ ಆಗುತ್ತೆ?”

ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮೊದಲನೆಯ ಒತ್ತಡ ಗಾಳಿಯದ್ದು, ಪ್ರೆಶರ್. ಎರಡನೆಯದು ಕಾರನ್ನು ನೆಲಕ್ಕೆ ಕೂರಿಸುವ ಬಲ, ಡೌನ್‌ಫೋರ್ಸ್. ಎರಡಕ್ಕೂ ಒಂದೇ ಮಾತು ಬಳಸಿದರೆ ಕೇಳುವವರು ಏನು ಮಾಡಬೇಕು? ಶಾಲೆಯ ವಿಜ್ಞಾನ ಪುಸ್ತಕದಿಂದ ಹಿಡಿದು ರಕ್ತದೊತ್ತಡದವರೆಗೆ ‘ಒತ್ತಡ’ ಪ್ರೆಶರ್‌ಗೇ ನಿಂತುಹೋಗಿದೆ. ಅದನ್ನು ಅಲುಗಿಸಬಾರದು. ಡೌನ್‌ಫೋರ್ಸ್‌ಗೆ ಬೇರೆ ಮಾತೇ ಬೇಕು.

‘ಭಾರ’ ಎಂದರೆ ಹೇಗೆ ಎಂದು ಒಬ್ಬರು ಕೇಳಿದರು. ಹೊಲದಲ್ಲಿ ಕುಂಟೆ ಹೊಡೆಯುವಾಗ ಅದು ಮಣ್ಣಿಗೆ ಸರಿಯಾಗಿ ಕೂರಲಿ ಎಂದು ಮೇಲೊಂದು ಕಲ್ಲು ಇಡುತ್ತಾರೆ, ಅದಕ್ಕೆ ಭಾರ ಹಾಕುವುದು ಅಂತಲೇ ಹೇಳುತ್ತಾರೆ. ಆದರೆ ಆ ಕಲ್ಲನ್ನೂ ಎತ್ತುಗಳೇ ಎಳೆಯಬೇಕು. ರೇಸ್ ಕಾರಿನಲ್ಲಿ ಆಗುವುದು ಇದಕ್ಕೆ ಉಲ್ಟಾ. ಕಾರಿನ ತೂಕ ಒಂದು ಗ್ರಾಂ ಕೂಡ ಏರುವುದಿಲ್ಲ, ಟೈರ್ ಮಾತ್ರ ನೆಲಕ್ಕೆ ಬಿಗಿಯಾಗಿ ಕೂರುತ್ತದೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಜೋರಾಗಿ ಓಡುವಾಗ ಅದು ಕಾರಿನ ತೂಕವನ್ನೂ ಮೀರಿಸುತ್ತದೆ. ತೂಕ ಇಲ್ಲದೆ ಹಿಡಿತ ಸಿಗುವುದೇ ಇಲ್ಲಿನ ಸೊಗಸು. ‘ಭಾರ’ ಎಂದುಬಿಟ್ಟರೆ ಆ ಸೊಗಸೇ ಹೋಯಿತು, ಅಲ್ವಾ?

ಹುಡುಗರಿಗೆ ‘ಸೆಳೆತ’ ಇಷ್ಟ. ಅವರ ವಾದಕ್ಕೆ ಹಿನ್ನೆಲೆ ಇದೆ. 1977ರಲ್ಲಿ ಲೋಟಸ್ ತಂಡ ಕಾರಿನ ಎರಡು ಪಕ್ಕದ ಅಡಿಭಾಗವನ್ನು ಬೋರಲು ಮಾಡಿದ ವಿಮಾನದ ರೆಕ್ಕೆಯ ಆಕಾರಕ್ಕೆ ತಂದಿತು. ಅಂಚಿನಿಂದ ಗಾಳಿ ನುಗ್ಗದ ಹಾಗೆ ಪಟ್ಟಿ ಕಟ್ಟಿತು. ಮರುವರ್ಷ ಮಾರಿಯೋ ಆಂಡ್ರೆಟ್ಟಿ ಲೋಟಸ್ 79 ಓಡಿಸಿ ಚಾಂಪಿಯನ್ ಆದರು. ಅದೇ 1978ರಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಬ್ರಾಬಮ್ ತಂಡ ಹಿಂಬದಿಗೆ ದೊಡ್ಡ ಫ್ಯಾನ್ ಇಟ್ಟ ಕಾರನ್ನು ಇಳಿಸಿತು. ಗಾರ್ಡನ್ ಮರ್ರಿ ಅದರ ವಿನ್ಯಾಸಕಾರ. ನಿಂತಲ್ಲೇ ಆಕ್ಸಿಲರೇಟರ್ ತುಳಿದರೂ ಫ್ಯಾನ್ ಅಡಿಯ ಗಾಳಿಯನ್ನು ಹೀರಿ, ಕಾರು ಸ್ಪ್ರಿಂಗ್ ಮೇಲೆ ಕುಸಿದು ಕೂರುತ್ತಿತ್ತು. ನಿಕಿ ಲೌಡಾ ಆ ರೇಸ್ ಗೆದ್ದರು, ಆಮೇಲೆ ಆ ಕಾರು ಇನ್ನೊಂದು ರೇಸ್‌ಗೆ ಬರಲಿಲ್ಲ. ಇದನ್ನೆಲ್ಲ ನೋಡಿದರೆ ಕೆಳಗಿನಿಂದ ಯಾರೋ ಸೆಳೆಯುತ್ತಿದ್ದಾರೆ ಎಂದೇ ಅನಿಸುತ್ತದೆ.

ಆದರೂ ‘ಸೆಳೆತ’ ಬೇಡ ಎನ್ನುತ್ತೇನೆ. ‘ನೆಲಸೆಳೆತ’ ಎಂಬುದನ್ನು ಈಗಾಗಲೇ ಗುರುತ್ವಾಕರ್ಷಣೆಗೆ ಬಳಸುವವರಿದ್ದಾರೆ. ಕಾರಿನ ಅಡಿಯ ಗಾಳಿಯಿಂದ ಹೀಗೆ ಹಿಡಿತ ಸಿಗುವ ಗ್ರೌಂಡ್ ಎಫೆಕ್ಟ್‌ಗೂ ಅದನ್ನೇ ಹೇಳಿದರೆ ಮತ್ತೆ ಒತ್ತಡದ ಕಥೆಯೇ ಆಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಅಡಿಯ ಇಕ್ಕಟ್ಟಿನಲ್ಲಿ ಗಾಳಿ ಜೋರಾಗಿ ಹರಿಯುತ್ತದೆ, ಜೋರಾದಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಮೇಲಿನ ಗಾಳಿಯ ಒತ್ತಡ ಅಷ್ಟು ಇಳಿದಿರುವುದಿಲ್ಲ. ಹಾಗಾಗಿ ಕಾರನ್ನು ಮೇಲಿನಿಂದಲೇ ಕೆಳಕ್ಕೆ ತಳ್ಳಿದಂತಾಗುತ್ತದೆ. ಕೆಳಗಿನಿಂದ ಎಳೆಯುವುದು ಯಾವುದೂ ಇಲ್ಲ. ರೆಕ್ಕೆಯಿಂದ ಬಂದರೂ ಅಡಿಯಿಂದ ಬಂದರೂ ಕೊನೆಗೆ ಆಗುವುದು ಮೇಲಿನಿಂದ ಒತ್ತಿ ಹಿಡಿಯುವ ಕೆಲಸವೇ.

ಅದಕ್ಕೇ ನನಗೆ ‘ಅದುಮು’ ಹಿಡಿಸಿದೆ. ‘ಒತ್ತು’ ಎಂದರೆ ಯಾವ ದಿಕ್ಕಿಗಾದರೂ ಆಗಬಹುದು. ಗೋಡೆಯ ಮೇಲಿನ ಸ್ವಿಚ್ ಒತ್ತುತ್ತೇವೆ, ಶಾವಿಗೆ ಒತ್ತುತ್ತೇವೆ. ‘ಅಮುಕು’ ಎಂದರೆ ಅಮುಕಿಸಿಕೊಂಡದ್ದು ಸ್ವಲ್ಪ ಚಪ್ಪಟೆಯಾಗುವ ಅರ್ಥ ನನ್ನ ಕಿವಿಗೆ ಕೇಳಿಸುತ್ತದೆ. ‘ಅದುಮು’ ಬೇರೆ. ಸಸಿ ನೆಟ್ಟು ಬುಡದ ಮಣ್ಣು ಅದುಮುತ್ತೇವೆ, ಜಾಡಿಗೆ ಹುಣಸೆಹಣ್ಣು ಅದುಮಿ ತುಂಬುತ್ತೇವೆ, ಸಿಟ್ಟನ್ನು ಅದುಮಿಟ್ಟುಕೊಳ್ಳುತ್ತೇವೆ. ಮೇಲಿನಿಂದ ಒತ್ತುವುದು, ಒತ್ತಿದ್ದು ಮತ್ತೆ ಮೇಲೇಳದಂತೆ ಹಿಡಿಯುವುದು, ಎರಡೂ ಅದರಲ್ಲಿದೆ. ಡೌನ್‌ಫೋರ್ಸ್ ಮಾಡುವುದೂ ಅದನ್ನೇ.

ವಾದದ ನಡುವೆ ಹಾಕಿಯೂ ನೋಡಿದೆವು. “ಮುಂದೆ ಅದುಮು ಸಾಲದು, ಮೂತಿ ತಿರುಗ್ತಾನೇ ಇಲ್ಲ.” “ಹಿಂದಿನ ರೆಕ್ಕೆಯಲ್ಲಿ ಅದುಮು ಜಾಸ್ತಿ ಇಟ್ಟಿದ್ದಾರೆ, ನೇರ ರಸ್ತೆಯಲ್ಲಿ ಓಟ ಕಮ್ಮಿ.” “ಗಾಳಿ ಕಾರನ್ನು ನೆಲಕ್ಕೆ ಅದುಮುತ್ತೆ.” ಮೊದಲು ಹೇಳಿದ ವಾಕ್ಯ ಈಗ ಹೀಗಾಗುತ್ತದೆ: “ಅಡಿಯಲ್ಲಿ ಒತ್ತಡ ಕಡಿಮೆ ಆದಷ್ಟೂ ಅದುಮು ಜಾಸ್ತಿ.” ಹಿರಿಯರಿಗೂ ಒಪ್ಪಿಗೆಯಾಯಿತು. ಬಿಡಿಯಾಗಿ ‘ಅದುಮು’ ಎಂದರೆ ಹೆಸರುಪದದಂತೆ ಕೇಳಿಸುವುದಿಲ್ಲ ಎನ್ನುವವರು ‘ಅದುಮುಬಲ’ ಎನ್ನಬಹುದು. ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಅದು ಎಂದು ಇಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ‘ತೋಳ್ಬಲ’ ನಡೆದುಬಂದಿದೆಯಲ್ಲ, ಇದೂ ನಡೆಯಲಿ ಎಂಬುದು ನನ್ನ ಅಭಿಪ್ರಾಯ.

ಇನ್ನು ರೆಕ್ಕೆಯ ಮಾತು. ನೇರ ರಸ್ತೆಯಲ್ಲಿ ಗಾಳಿಯ ತಡೆ ಕಡಿಮೆ ಮಾಡಲು 2011ರಿಂದ ಇದ್ದ ಡಿಆರ್‌ಎಸ್ ಏರ್ಪಾಟಿನಲ್ಲಿ ಹಿಂದಿನ ರೆಕ್ಕೆಯ ಮೇಲಿನ ಹಲಗೆ ಮಾತ್ರ ಅಲುಗುತ್ತಿತ್ತು. ರೇಸ್‌ನಲ್ಲಿ ಅದು ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಇದ್ದವರಿಗಷ್ಟೇ ಸಿಗುತ್ತಿತ್ತು. ಈಗ ಗೊತ್ತುಪಡಿಸಿದ ನೇರ ರಸ್ತೆಯಲ್ಲಿ ಎಲ್ಲರಿಗೂ ಅವಕಾಶ ಇದೆ. ಇದಕ್ಕೆ ನಮ್ಮಲ್ಲಿ ಹಲವರು “ರೆಕ್ಕೆ ಬಿಚ್ಚಿತು” ಎನ್ನುತ್ತಾರೆ. ನನಗೆ ಇದು ಒಪ್ಪುವುದಿಲ್ಲ. ಹಕ್ಕಿ ರೆಕ್ಕೆ ಬಿಚ್ಚಿದರೆ ಅದು ಅಗಲವಾಗುತ್ತದೆ, ಗಾಳಿಯನ್ನು ಜಾಸ್ತಿ ಹಿಡಿಯುತ್ತದೆ. ಇಲ್ಲಿ ಹಲಗೆ ಗಾಳಿಗೆ ಅಡ್ಡವಾಗಿ ನಿಲ್ಲುವುದನ್ನು ಬಿಟ್ಟು ಮಟ್ಟಸವಾಗಿ ಒರಗುತ್ತದೆ, ಗಾಳಿ ಸಲೀಸಾಗಿ ದಾಟುತ್ತದೆ. “ನೇರದಲ್ಲಿ ರೆಕ್ಕೆ ಮಲಗುತ್ತದೆ, ತಿರುವಿನಲ್ಲಿ ಏಳುತ್ತದೆ” ಎಂದರೆ ನೋಡದವರಿಗೂ ಚಿತ್ರ ಸಿಗುತ್ತದೆ.

ಮೂತಿಯಲ್ಲಿ ತೊಂದರೆ ಇಲ್ಲ. 2015ರಲ್ಲಿ ಫೋರ್ಸ್ ಇಂಡಿಯಾ ಕಾರಿನ ಮೂತಿಯಲ್ಲಿ ಎರಡು ತೂತು ಬಂದಾಗ ‘ಹೊಳ್ಳೆ’ ಎಂಬುದು ತಾನಾಗಿ ಬಾಯಿಗೆ ಬಂತು.

‘ಡರ್ಟಿ ಏರ್’ ಮಾತ್ರ ಕಾಡುತ್ತಿದೆ. ‘ಕೊಳಕು ಗಾಳಿ’ ಎಂದರೆ ಬೆಂಗಳೂರಿನಲ್ಲಿ ಯಾರಿಗಾದರೂ ಸಿಲ್ಕ್ ಬೋರ್ಡ್‌ನ ಹೊಗೆಯೇ ನೆನಪಾಗುತ್ತದೆ. ಇಲ್ಲಿ ಗಾಳಿಯಲ್ಲಿ ಕೊಳೆ ಇಲ್ಲ. ಮುಂದಿನ ಕಾರು ಅದನ್ನು ಸುಳಿಸುಳಿಯಾಗಿಸಿ ಬಿಟ್ಟಿರುತ್ತದೆ, ಹಿಂದಿನ ಕಾರಿನ ರೆಕ್ಕೆಗೆ ಅದು ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ. ‘ಕದಡಿದ ಗಾಳಿ’ ಎನ್ನೋಣವೇ? ನೇರ ರಸ್ತೆಯಲ್ಲಿ ಅದೇ ಗಾಳಿ ಉಪಕಾರಿ, ಏಕೆಂದರೆ ಮುಂದಿನವರು ತಡೆಯನ್ನು ತಾವು ತಿಂದು ಹಿಂದಿನವರಿಗೆ ಜಾಗ ಬಿಡಿಸಿಕೊಟ್ಟಿರುತ್ತಾರೆ. ಈ ಸ್ಲಿಪ್‌ಸ್ಟ್ರೀಮ್‌ಗೆ ‘ಮರೆ’ ಸಾಕು ಎನಿಸುತ್ತದೆ. “ನೇರದಲ್ಲಿ ಮರೆ ಸಿಕ್ಕಿತು, ತಿರುವಿನಲ್ಲಿ ಕದಡಿದ ಗಾಳಿ ಬಡಿಯಿತು” ಎಂದರೆ ಹಿಂದೆ ಬರುವವನ ಪಾಡು ಪೂರ್ತಿ ಹೇಳಿದಂತೆ.

2022ರಲ್ಲಿ ಕಾರಿನ ಅಡಿಯಲ್ಲಿ ಗಾಳಿ ಹರಿಯುವ ಸುರಂಗಗಳು ಮತ್ತೆ ಬಂದಾಗ ಕಾರುಗಳು ಮೇಲೆ ಕೆಳಗೆ ಹೊಡೆದುಕೊಳ್ಳತೊಡಗಿದವು. ಬಾಕುವಿನ ರೇಸ್‌ನಲ್ಲಿ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಷ್ಟಪಟ್ಟು ಕಾರಿನಿಂದ ಇಳಿದದ್ದನ್ನು ನೋಡಿದವರು ಮರೆಯುವುದಿಲ್ಲ. ಗಾಳಿ ಕಾರನ್ನು ಅದುಮುತ್ತದೆ, ಅಡಿ ನೆಲಕ್ಕೆ ತೀರಾ ಹತ್ತಿರವಾಗಿ ಗಾಳಿಯ ದಾರಿ ಕಟ್ಟುತ್ತದೆ, ಅದುಮು ತಪ್ಪಿ ಕಾರು ಏಳುತ್ತದೆ, ಮತ್ತೆ ಅದುಮುತ್ತದೆ. ಇದಕ್ಕೆ ‘ಪುಟಿತ’ ಎನ್ನುತ್ತಿದ್ದೇವೆ. ‘ಕುಪ್ಪಳಿಕೆ’ ಎನ್ನುವವರೂ ಇದ್ದಾರೆ. ಕುಪ್ಪಳಿಸುವುದು ಬೇಕೆಂದೇ ಮಾಡುವ ಕೆಲಸ, ಇದು ಹಾಗಲ್ಲ. ನಾನು ಪುಟಿತದ ಕಡೆ.

ಈಗ ನಿಮ್ಮಿಂದ ತಿಳಿಯಬೇಕಾದದ್ದು. ಒಂದು, ‘ಅದುಮು’ ನಿಮ್ಮ ಊರಿನ ಕಡೆ ಇದೇ ಅರ್ಥದಲ್ಲಿ ಇದೆಯೇ? ಧಾರವಾಡ, ಕಲಬುರಗಿ, ಕರಾವಳಿಯವರು ದಯವಿಟ್ಟು ಹೇಳಿ. ಇನ್ನೊಂದು, ಎಚ್‌ಎಎಲ್, ಎನ್‌ಎಎಲ್ ಅಥವಾ ಐಐಎಸ್‌ಸಿಯಲ್ಲಿ ಮಾದರಿಗಳ ಮೇಲೆ ಗಾಳಿ ಬಿಟ್ಟು ಪರೀಕ್ಷಿಸುವ ಗಾಳಿ ಸುರಂಗಗಳಲ್ಲಿ ಕೆಲಸ ಮಾಡಿದವರು ಈ ಗುಂಪಿನಲ್ಲಿ ಇದ್ದೀರಿ ಎಂದುಕೊಂಡಿದ್ದೇನೆ. ವರದಿಯಲ್ಲಿ ಬರೆದದ್ದು ಬೇಡ. ಮಾದರಿಯನ್ನು ಸುರಂಗದೊಳಗೆ ಕೂರಿಸುವಾಗ, ಗಾಳಿ ಬಿಡುವಾಗ, ಫಿಟ್ಟರ್‌ಗಳೂ ಹೆಲ್ಪರ್‌ಗಳೂ ತಮ್ಮತಮ್ಮಲ್ಲಿ ಕನ್ನಡದಲ್ಲಿ ಏನು ಹೇಳಿಕೊಳ್ಳುತ್ತಿದ್ದರು? ಗಾಳಿ ಮೇಲೆತ್ತುವ ಲಿಫ್ಟ್‌ಗೆ, ಗಾಳಿ ತಡೆಯುವ ಡ್ರ್ಯಾಗ್‌ಗೆ ಅವರ ಮಾತು ಯಾವುದಿತ್ತು? ಅಂಥ ಒಂದು ಮಾತು ಸಿಕ್ಕರೂ ಅದನ್ನೇ ಬಳಸುತ್ತೇವೆ, ನನ್ನ ‘ಅದುಮು’ ಬಿಟ್ಟುಕೊಡಲು ಸಿದ್ಧ.