ತಿಂಡಿಗೂ ನಕ್ಷತ್ರಬಲ

“ನಾಲ್ಕು ಪಾಯಿಂಟ್ ಆರು! ಆದ್ರೆ ಬಾಗಿಲು ತೆಗೆಯೋದೇ ಹತ್ತು ಗಂಟೆಗೆ,” ಅಂದ ನಾಣಿ, ಮೊಬೈಲಿನಿಂದ ಕಣ್ಣೆತ್ತದೆ.

ಅರ್ಮೇನಿಯಾದ ಗ್ಯುಮ್ರಿಯ ವರ್ದಾನಾಂತ್ಸ್ ಚೌಕಕ್ಕೆ ಬಂದು ನಿಂತು ಅರ್ಧ ಗಂಟೆಯಾಗಿತ್ತು. 1500 ಮೀಟರ್ ಎತ್ತರದ ಊರು, ಅದೂ ಜನವರಿ. ಶೀನಿಯ ಮೂಗು ಟೊಮೇಟೊ ಆಗಿತ್ತು.

“ಯೆರೆವಾನಿನಲ್ಲಿ ಮಗಳ ರೂಮಲ್ಲೇ ಇದ್ದಿದ್ರೆ ಇಷ್ಟೊತ್ತಿಗೆ ಉಪ್ಪಿಟ್ಟಾಗಿರೋದು. ಮೆಡಿಕಲ್ ಓದೋ ಹುಡುಗಿ, ರವೆ ಮಾತ್ರ ಮರೀದೆ ತಂದಿಟ್ಕೊಂಡಿದ್ದಾಳೆ.”

“ಸುಮ್ನಿರೋ ಶೀನಿ,” ಅಂದ ಗುಂಡಣ್ಣ. “ನಾಣಿ ನಕ್ಷತ್ರ ನೋಡ್ತಿದ್ದಾನೆ. ನನ್ನ ಮದುವೆಗೂ ನಮ್ಮಪ್ಪ ಇಷ್ಟು ನೋಡಿರಲಿಲ್ಲ.”

“ತಮಾಷೆ ಬೇಡ. ಸಾವಿರ ಜನ ತಿಂದು ನಕ್ಷತ್ರ ಕೊಟ್ಟಿರ್ತಾರೆ.”

“ಅವರು ತಿಂದರಲ್ಲ, ಅದೇ ನನ್ನ ಹೊಟ್ಟೆಕಿಚ್ಚು. ಅಲ್ನೋಡು, ಆ ಗಲ್ಲಿಯ ಕಿಟಕಿಯಲ್ಲಿ ಹಬೆ. ಖಾಶ್ ಇರಬೇಕು.”

“ಹಾಗಂದ್ರೆ?”

“ದನದ ಕಾಲು. ರಾತ್ರಿಯಿಡೀ ಬೇಯಿಸ್ತಾರೆ, ಉಪ್ಪು ಕೂಡ ಹಾಕದೆ. ಬೆಳಿಗ್ಗೆ ಬಟ್ಟಲಿಗೆ ಬಂದ ಮೇಲೆ ನೀನೇ ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕ್ಕೋಬೇಕು, ಒಣ ಲವಾಶ್ ರೊಟ್ಟಿ ಮುರಿದು ನೆನೆಸ್ಕೋಬೇಕು. ಪಕ್ಕದಲ್ಲಿ ವೋಡ್ಕಾ.”

“ರಾಮ ರಾಮ! ಇದಕ್ಕೆ ತಿಂಡಿ ಅಂತಾರಾ?”

“ನಮ್ಮ ಮಿಲಿಟರಿ ಹೋಟೆಲಲ್ಲಿ ಕಾಲ್ ಸೂಪ್ ಕುಡಿಯೋರನ್ನ ಕೇಳು.”

“ಅಲ್ಲಿಗೆ ಮೂರು ಪಾಯಿಂಟ್ ಒಂಬತ್ತೇ,” ಅಂದ ನಾಣಿ. “ಯಾರೋ ಬೆಳ್ಳುಳ್ಳಿ ವಾಸನೆ ಅಂತ ಬರ್ದಿದ್ದಾರೆ.”

“ಮಲ್ಲಿಗೆ ವಾಸನೆ ಬರ್ಬೇಕಿತ್ತೇನೋ?”

ಶೀನಿಯ ಮುಖ ನೋಡಲಾಗದೆ ಗುಂಡಣ್ಣ ಸಮಾಧಾನ ಮಾಡಿದ. “ನಿನಗೂ ಇದೆ ಮಾರಾಯ. ಸ್ಪಾಸ್ ಅಂತ. ಇವರ ಮೊಸರು ಮತ್ಸೂನ್. ಅದಕ್ಕೆ ಗೋಧಿ ಹಾಕಿ ಕಾಯಿಸಿ, ಮೇಲೆ ಸೊಪ್ಪು ಉದುರಿಸ್ತಾರೆ.”

“ಮಜ್ಜಿಗೆ ಹುಳಿ!” ಶೀನಿಗೆ ಕಣ್ಣೀರೇ ಬಂತು. ಚಳಿಗೂ ಇರಬಹುದು.

“ಇರಿ ಇರಿ, ಸಿಕ್ತು! ನಾಲ್ಕು ಪಾಯಿಂಟ್ ಎಂಟು. ಅವಕಾಡೊ ಟೋಸ್ಟ್. ಆದ್ರೆ ಅದು ಬ್ರಂಚ್, ಹನ್ನೊಂದೂವರೆಗೆ ಶುರು.”

“ಬೆಣ್ಣೆಹಣ್ಣು ಕೊಡಗಿನ ತೋಟದಲ್ಲೇ ಉದುರಿ ಬಿದ್ದಿರುತ್ತಲ್ಲೋ. ಅದನ್ನ ತಿನ್ನೋಕೆ ಏಪ್ರಿಕಾಟ್ ದೇಶದ ತನಕ ಬರ್ಬೇಕಿತ್ತಾ? ಬ್ರಂಚ್ ಅಂತೆ! ಎದ್ದಿದ್ದು ತಡ ಆಯ್ತು ಅಂತ ಹೇಳೋಕೆ ನಾಚಿಕೆಪಟ್ಟವರು ಇಟ್ಟ ಹೆಸರು. ಬೇಕರಿಗೆ ಹೋಗೋಣ ನಡಿ, ಬಿಸಿ ಲವಾಶ್, ಚೀಸ್ ಸಿಗುತ್ತೆ.”

“ಬೇಕರಿಗೆ ಎಷ್ಟು ನಕ್ಷತ್ರ ಅಂತ…”

“ಲವಾಶಿಗೆ 2014ರಲ್ಲೇ ಯುನೆಸ್ಕೋ ಪಟ್ಟ ಕಟ್ಟಿದೆ. ಇನ್ನೂ ನಿನ್ನ ಪಂಚಾಂಗ ಬೇಕಾ? ನೋಡ್ಲೇಬೇಕು ಅಂದ್ರೆ ಆಮೇಲೆ ಒಂದು ಸುರ್ಚ್, ಅಂದ್ರೆ ಇವರ ಕಾಫಿ, ಕುಡಿದು ಕಪ್ಪು ಬೋರಲು ಹಾಕು. ಕಾಫಿ ಗಸಿಯಲ್ಲಿ ಭವಿಷ್ಯ ಹೇಳೋ ಅಜ್ಜಿಯರು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಮಧ್ಯಾಹ್ನದ ಊಟ ಎಲ್ಲಿ ಅಂತ ಅವರನ್ನೇ ಕೇಳು.”

ಅಷ್ಟರಲ್ಲಿ ಶೀನಿ ಕೈ ತೋರಿಸಿದ. “ಅಯ್ಯೋ, ಆ ಗಡಿಯಾರ ನೋಡ್ರೋ! ಆಗಲೇ ಹನ್ನೊಂದು ನಲವತ್ತೊಂದು!”

“ಹಾಗಾದ್ರೆ ಬ್ರಂಚ್ ಶುರುವಾಗಿರುತ್ತೆ!” ನಾಣಿ ಹೊರಟೇಬಿಟ್ಟ.

ಗುಂಡಣ್ಣ ನಗಲಿಲ್ಲ. “ಅದು ನಿಂತ ಗಡಿಯಾರ ಕಣೋ. 1988, ಡಿಸೆಂಬರ್ 7. ಭೂಕಂಪ ಆದ ಹೊತ್ತು. ಆಗ ಈ ಊರಿನ ಹೆಸರು ಲೆನಿನಾಕನ್. ಸುತ್ತಮುತ್ತ ಸುಮಾರು 25,000 ಜನ ಹೋದರು. ಮಕ್ಕಳು ಶಾಲೆಯಲ್ಲಿದ್ದರು.”

ಮೂವರೂ ಗಡಿಯಾರ ನೋಡುತ್ತಾ ನಿಂತರು. ನಾಣಿಯ ಮೊಬೈಲು ಎರಡು ಸಲ ಕಿಣಿಕಿಣಿ ಅಂದಿತು. ಅವನು ತೆಗೆಯಲಿಲ್ಲ.

ಕೊನೆಗೆ ಶೀನಿಯೇ ಕೇಳಿದ: “ಅವರದೆಲ್ಲ ತಿಂಡಿ ಆಗಿತ್ತು ಅಲ್ವಾ, ಗುಂಡಣ್ಣ?”

“ಆಗಿರ್ಬೇಕು ಕಣೋ. ಹನ್ನೊಂದೂ ಮುಕ್ಕಾಲು ಅಂದ್ರೆ… ಆಗಿರ್ಬೇಕು,” ಅಂದ ಗುಂಡಣ್ಣ, ಬೇಕರಿ ಕಡೆ ನಡೆದ.